ಶಾವಿಗೆಯ ಮಣೆಯಿಂದ ಥುಕ್ಪಾದ ಬಟ್ಟಲಿಗೆ

ಬೆಳಗಾವಿಯಂಥ ಪಟ್ಟಣದಲ್ಲಿ ಒಳ್ಳೆಯ ನೂಡಲ್ಸು ಎಲ್ಲಿ ಸಿಕ್ಕೀತು ಎಂದು ಯಾರಾದರೂ ವಿಚಾರಿಸಿದರೆ, ಕಾಲೇಜಿನ ತರುಣರು ಯಾವುದಾದರೊಂದು ಹೋಟೆಲಿನ ಹೆಸರನ್ನೋ, ಸಂಜೆಯ ಹೊತ್ತು ಬೀದಿಯ ಮಗ್ಗುಲಿಗೆ ನಿಲ್ಲುವ ಗಾಡಿಯ ಗುರುತನ್ನೋ ಹೇಳಿ ಕಳುಹುವುದು ವಾಡಿಕೆಯಾಗಿದೆ. ಅವರು ಹೇಳುವುದು ಸುಳ್ಳಲ್ಲ. ಆದರೆ ಆ ಉತ್ತರದಿಂದ ಪ್ರಶ್ನೆಗೆ ಪೂರ್ಣ ನ್ಯಾಯ ದೊರೆಯಲಾರದು. ಧಾನ್ಯವನ್ನು ಹಿಟ್ಟಾಗಿಸಿ, ನೀರಿನಲ್ಲಿ ನಾದಿ, ಎಳೆಯೆಳೆಯಾಗಿ ತೆಗೆದು ಬೇಯಿಸಿ ಉಣ್ಣುವ ವಿದ್ಯೆಯು ಏಶಿಯಾ ಖಂಡದ ಅತಿ ಪ್ರಾಚೀನವಾದ ಪಾಕವಿದ್ಯೆಗಳಲ್ಲೊಂದು. ಚೀನದ ಚಿಂಗ್‌ಹಾಯ್ ಪ್ರಾಂತದ ಲಾಜಿಯಾ ಎಂಬಲ್ಲಿ, ನೆರೆಯ ಮಣ್ಣಿನಲ್ಲಿ ಹೂತುಹೋಗಿದ್ದ ಹಳೆಯ ಜನವಸತಿಯೊಂದನ್ನು ಅಗೆಯುತ್ತಿದ್ದ ಪುರಾತತ್ತ್ವಜ್ಞರು ಬೋರಲು ಬಿದ್ದಿದ್ದ ಮಣ್ಣಿನ ಬಟ್ಟಲೊಂದನ್ನು ಎತ್ತಿ ನೋಡಲಾಗಿ, ಅದರಡಿಯಲ್ಲಿ ಸುಮಾರು 4000 ವರ್ಷಗಳ ಹಿಂದಿನ ಹಳದಿ ಬಣ್ಣದ ತೆಳ್ಳನೆಯ ಎಳೆಗಳು ಕಂಡುಬಂದುವು. ಅವು ನವಣೆ ಮತ್ತು ಬರಗಿನ ಹಿಟ್ಟಿನಿಂದಾದುವೆಂದು ವಿದ್ವಾಂಸರು 2005ರಲ್ಲಿ ಪ್ರಕಟಿಸಿದರು. ನವಣೆಯೂ ಬರಗೂ ನಮ್ಮ ಬಯಲುಸೀಮೆಯ ರೈತನಿಗೆ ಪರಕೀಯವಾದ ಧಾನ್ಯಗಳಲ್ಲ. ಹಾಗೆಯೇ ಹಿಟ್ಟಿನ ಎಳೆಯನ್ನು ತೆಗೆಯುವ ಕೌಶಲವೂ ನಮ್ಮ ಗೃಹಿಣಿಯರಿಗೆ ಹೊರಗಿನಿಂದ ಬಂದ ಸಂಗತಿಯಾಗಿ ಎಂದೂ ತೋರಿದ್ದಿಲ್ಲ.

ಕಪಿಲೇಶ್ವರನ ಗುಡಿಯನ್ನೂ ರೈಲುಹಾದಿಯನ್ನೂ ದಾಟಿ ಶಹಾಪುರಕ್ಕೆ ಬಂದವರಿಗೆ, ಪೇಟೆಯ ಗದ್ದಲದ ಹಿಂಬದಿಯಲ್ಲಿ, ನೇಕಾರರ ಓಣಿಗಳು ಇಂದಿಗೂ ಕಾಣಸಿಗುತ್ತವೆ. ಬ್ರಿಟಿಷರ ದಂಡು ಬೆಳಗಾವಿಯಲ್ಲಿ ಬೀಡುಬಿಟ್ಟಿದ್ದ ಕಾಲದಲ್ಲಿ, ಅದಕ್ಕೆ ಅಂಟಿಕೊಂಡೇ ಇದ್ದ ಈ ಶಹಾಪುರವು ಸಾಂಗಲಿಯ ಪಟವರ್ಧನರ ಸಂಸ್ಥಾನಕ್ಕೆ ಸೇರಿದ್ದಿತು. 1948ರಲ್ಲಿ ಸಂಸ್ಥಾನವು ವಿಲೀನವಾಗುವವರೆಗೆ ಇಲ್ಲಿಯ ಪೇಟೆ, ವ್ಯಾಪಾರ, ಕಸುಬುಗಳೆಲ್ಲ ತಮ್ಮದೇ ಆದ ಗತ್ತಿನಲ್ಲಿ ನಡೆದುಬಂದುವು. ಕನ್ನಡ ಮರಾಠಿಗಳೆರಡೂ ಒಂದೇ ಜಗುಲಿಯ ಮೇಲೆ ಕುಳಿತು ಮಾತಾಡುವ ಈ ಊರಿನಲ್ಲಿ ಚೈತ್ರ ವೈಶಾಖಗಳ ಬಿಸಿಲು ಏರಿತೆಂದರೆ, ಹಪ್ಪಳ ಸಂಡಿಗೆಗಳ ಜೊತೆಗೆ ಶಾವಿಗೆಯ ಕೆಲಸವೂ ಮೊದಲಾಗುತ್ತಿದ್ದಿತು. ಈ ಲೇಖನದಲ್ಲಿ ನಾನು ಮೊದಲು ಪರಿಚಯಿಸಬೇಕೆಂದಿರುವುದು ಈ ಶಾವಿಗೆಯನ್ನೇ. ಏಕೆಂದರೆ ಬಟ್ಟಲಿನ ರಸ ಯಾವುದೇ ಇರಲಿ, ಎಳೆಯು ಒಳ್ಳೆಯದಾಗಿಲ್ಲದಿದ್ದರೆ ಆ ಊಟ ಒಳ್ಳೆಯದಾಗುವುದಿಲ್ಲ. ಎಳೆಯು ಒಳ್ಳೆಯದಾಗುವುದಾದರೋ, ಅದನ್ನು ತೆಗೆದ ಕೈಯೂ ಬಡಿಸುವ ಕೈಯೂ ಒಂದೇ ಆಗಿರುವಲ್ಲಿ.

ಶಾವಿಗೆಗೆ ಎಲ್ಲ ಗೋಧಿಯೂ ಸಲ್ಲದು. ಬೆಳಗಾವಿ, ಬಾಗಲಕೋಟೆ, ವಿಜಾಪುರದ ಕಡೆಗೆ ಬೆಳೆಯುವ ಜವೆಗೋಧಿಯನ್ನು, ನಮ್ಮವರು ಸದಕವೆಂದೂ ಮರಾಠಿಯ ನೆರೆಹೊರೆಯವರು ಖಪಲಿಯೆಂದೂ ಕರೆಯುವ ಆ ಸಿಪ್ಪೆಗೋಧಿಯನ್ನು, ಹಿರಿಯರು ಈ ಕೆಲಸಕ್ಕೆಂದು ಕಾಯ್ದಿಡುತ್ತಿದ್ದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಡಿ.ಡಿ.ಕೆ. 1025, ಡಿ.ಡಿ.ಕೆ. 1029 ಮೊದಲಾದ ಸುಧಾರಿತ ತಳಿಗಳನ್ನು ಹೊರತಂದು ಈ ಧಾನ್ಯದ ವಂಶವನ್ನು ಉಳಿಸಿರುವುದು ಸ್ತುತ್ಯವಾದ ಕಾರ್ಯ. ಗೋಧಿಯನ್ನು ತೊಳೆದು, ಒದ್ದೆಯ ಅರಿವೆಯಲ್ಲಿ ಕಟ್ಟಿಟ್ಟು, ನೆರಳಿನಲ್ಲಿ ಆರಿಸಿ, ಬೀಸುವ ಕಲ್ಲಿಗೆ ಹಾಕಿ, ಬಂದುದನ್ನು ಮೊದಲು ಜರಡಿಯಿಂದಲೂ ಅನಂತರ ತೆಳುವಾದ ವಸ್ತ್ರದಿಂದಲೂ ಗಾಳಿಸಿ, ತೌಡನ್ನು ಬೇರೆ ಮಾಡಿ, ಸಣ್ಣ ರವೆಯನ್ನು ಶಾವಿಗೆಗಾಗಿ ಎತ್ತಿಡುವ ಹೊತ್ತಿಗೆ ಎರಡು ಮೂರು ದಿನಗಳೇ ಕಳೆದಿರುತ್ತವೆ. ಆ ರವೆಗೆ ಉಪ್ಪುನೀರನ್ನು ಚಿಮುಕಿಸಿ ಕಲಸಿ, ನೆನೆಯಲು ಬಿಟ್ಟು, ಬಳಿಕ ಒರಳಿನಲ್ಲಿಟ್ಟು ಕುಟ್ಟಬೇಕು. ಗೋಧಿಯೊಳಗಿನ ಜಿಗುಟು ಬಲಿಯುವುದು ಈ ಕುಟ್ಟಾಣದಿಂದಲೇ. ನಾದಿದಷ್ಟಕ್ಕೇ ತೃಪ್ತಿಪಟ್ಟರೆ ಎಳೆಯು ಮಣೆಯ ಮೇಲೆಯೇ ಹರಿದುಬೀಳುವುದು.

ಶಾವಿಗೆಯ ಮಣೆಯನ್ನು ನೋಡದ ಇಂದಿನ ಓದುಗರಿಗಾಗಿ ಅದರ ಸ್ವರೂಪವನ್ನು ತುಸು ವಿವರಿಸಬೇಕು. ಅದೊಂದು ಉದ್ದನೆಯ ಮರದ ಹಲಗೆ. ಅದರ ಮೈಮೇಲೆ ಉದ್ದಕ್ಕೂ ಸಣ್ಣ ಸಣ್ಣ ಗೀರುಗಳು. ಒಂದು ತುದಿಯನ್ನು ಹೊರಸಿನ ಮೇಲೇರಿಸಿ ಇಳಿಜಾರಾಗಿ ನಿಲ್ಲಿಸಿದ ಆ ಮಣೆಯ ಮೇಲ್ಗಡೆ ಅನುಭವಸ್ಥಳಾದ ಹೆಂಗಸೊಬ್ಬಳು ಕುಳಿತು, ಎಣ್ಣೆ ಸವರಿದ ಕಣಕದ ಮುದ್ದೆಯನ್ನು ಅಂಗೈಯ ಹಿಮ್ಮಡಿಯಿಂದ ಒತ್ತಿ ಹೊಸೆಯುತ್ತ ಹೋದಂತೆ, ಗೀರುಗಳ ಗುಂಟ ಎಳೆಗಳು ಮೂಡಿ ಕೆಳಗಿಳಿಯುತ್ತವೆ. ಕೆಳಗೆ ನಿಂತವಳು ಅವನ್ನು ಬೆರಳುಗಳಲ್ಲಿ ಹಿಡಿದು, ಇನ್ನಷ್ಟು ಜಗ್ಗಿ ಸಣ್ಣದಾಗಿಸಿ, ಕೋಲಿನ ಮೇಲೆ ಇಳಿಬಿಡುತ್ತಾಳೆ. ಕಣಕದ ಹದ ತಪ್ಪಿದ್ದರೆ ಮೊದಲು ತಿಳಿಯುವುದು ಮೇಲೆ ಕುಳಿತವಳಿಗೇ. “ಇನ್ನೂ ಹದಾ ಬಂದಿಲ್ಲ ನೋಡ ತಂಗೀ, ಮತ್ತೊಂದೀಟ ಕುಟ್ಟು, ಅವಸರ ಮಾಡಿದ್ರ ಎಳೀ ತುಂಡಾಗ್ತಾವ” ಎಂದು ಅವಳು ಒರಳಿನ ಬಳಿ ಇದ್ದ ಕಿರಿಯಳಿಗೆ ಹೇಳಿದರೆ, “ಆತಬಿಡ್ರಿ ಅಕ್ಕಾರ” ಎಂದು ಆ ಹುಡುಗಿ ಮತ್ತೆ ಒನಕೆಯನ್ನು ಎತ್ತಿಕೊಳ್ಳುವಳು. ಓಣಿಯ ಹೆಂಗಸರೆಲ್ಲ ಇಂದು ಒಂದು ಮನೆ, ನಾಳೆ ಇನ್ನೊಂದು ಮನೆ ಎಂದು ಸರದಿಯಂತೆ ಕೂಡುತ್ತಿದ್ದುದರಿಂದ ಈ ವಿದ್ಯೆಗೆ ಬೇರೆ ಪಾಠಶಾಲೆ ಬೇಕಾಗಲಿಲ್ಲ. ಮಾಳಿಗೆಯ ಮೇಲೆ ಸಾಲುಸಾಲಾಗಿ ಒಣಗಲಿಟ್ಟ ಶಾವಿಗೆಯು, ಪಕ್ಕದ ಮನೆಯ ನೇಕಾರನು ಗಂಜಿ ಕೊಟ್ಟು ಒಣಹಾಕಿದ ನೂಲಿನ ಲಡಿಗಳಂತೆಯೇ ಗಾಳಿಗೆ ತೂಗುತ್ತಿದ್ದಿತು.

ಎಳೆಯೊಂದೇ ಅಲ್ಲ; ಅದೇ ಕಣಕದಿಂದ ಬೆರಳುಗಳ ನಡುವೆ ಹೊಸೆದು ಮಾಡುವ ಗೌಲಿ, ಪರಡಿ, ಸೌತೆಬೀಜಗಳೂ, ಮರಾಠಿ ಮನೆಗಳ ಗವ್ಹಲೆ, ನಖುಲ್ಯಾ, ಮಾಲತ್ಯಾಗಳೂ ಮದುವೆಯ ಪಾಯಸಕ್ಕೆ ಅವಶ್ಯವಾದುವು. ಅಳಿಯ ಬಂದಾಗ, ಬೀಗರು ಬಂದಾಗ, ಶಾವಿಗೆಯನ್ನು ಕುದಿಯುವ ನೀರಿಗೆ ಹಾಕಿ, ಒಂದು ಕುದಿ ಬರುತ್ತಲೇ ಬಸಿದು, ಬಿಸಿಯಿರುವಾಗಲೇ ತುಪ್ಪ, ಬೆಲ್ಲದ ಪುಡಿ, ಕಾಯಿಸಿದ ಹಾಲು ಹಾಕಿ ಬಡಿಸಿದರೆ ಅದಕ್ಕಿಂತ ದೊಡ್ಡ ಉಪಚಾರವಿಲ್ಲ. ಬಸಿದ ಶಾವಿಗೆಯ ಎಳೆಯು ನಾಲಗೆಗೆ ಮೃದುವಾಗಿಯೂ ಹಲ್ಲಿಗೆ ತುಸು ಬಿಗಿಯಾಗಿಯೂ ಇರಬೇಕು, ಮುದ್ದೆಯಾದುದು ಶಾವಿಗೆಯಲ್ಲ. ರಮಜಾನಿನ ದಿನಗಳಲ್ಲಿ ಪೇಟೆಗೆ ಬರುವ ಕೂದಲೆಳೆಯಷ್ಟು ಸಣ್ಣ ಶಾವಿಗೆಯು ಹಾಲು, ಖರ್ಜೂರ, ಗೋಡಂಬಿಗಳೊಡನೆ ಸುರಕುಂಬವಾಗಿ ನೆರೆಯ ಮುಸಲ್ಮಾನರ ಮನೆಗಳಿಂದ ನಮ್ಮ ಮನೆಗಳಿಗೂ ಬರುವುದುಂಟು. ಭತ್ತದ ನಾಡಾದ ಖಾನಾಪುರವನ್ನು ಹಾಯ್ದು ಘಟ್ಟವಿಳಿದರೆ ಗೋಧಿಯು ಹಿಂದುಳಿದು ಅಕ್ಕಿಯು ಮುಂದೆ ಬರುತ್ತದೆ. ಅಲ್ಲಿ ಅಕ್ಕಿಯ ಹಿಟ್ಟಿನ ಬಿಸಿ ಉಂಡೆಯನ್ನು ಒತ್ತಿನಲ್ಲಿ ಒತ್ತಿ ತೆಗೆದ ಎಳೆಗಳನ್ನು ತೆಂಗಿನಹಾಲು ಬೆಲ್ಲದ ರಸದೊಡನೆ ಉಣ್ಣುತ್ತಾರೆ. ಮಲೆನಾಡಿನ ಒತ್ತುಶಾವಿಗೆಯೂ ಕೊಡಗಿನ ನೂಪುಟ್ಟೂ ಇದೇ ಕುಲದವು.

ಕೈಶಾವಿಗೆಯ ಸ್ಥಾನಕ್ಕೆ ಮೊದಲು ಹೊರಸಿಗೆ ಬಿಗಿದು ತಿರುಗಿಸುವ ಯಂತ್ರವು ಬಂದಿತು, ಅನಂತರ ವಿದ್ಯುತ್ತಿನ ಯಂತ್ರವು ಬಂದಿತು. ದುಡಿದು ದಣಿಯುವ ಹೆಂಗಸರಿಗೆ ಯಂತ್ರದಿಂದ ದೊರೆತ ವಿಶ್ರಾಂತಿಯನ್ನು ಯಾರೂ ಅಲ್ಲಗಳೆಯಬಾರದು. ಒಳ್ಳೆಯ ರವೆಯನ್ನು ಕೊಟ್ಟರೆ ಯಂತ್ರವೂ ಒಳ್ಳೆಯ ಎಳೆಯನ್ನೇ ಕೊಡುತ್ತದೆ. ಶೋಚನೀಯವಾದುದೆಂದರೆ, ಹೋಟೆಲುಗಳಲ್ಲಿ ಶಾವಿಗೆಯು ಉಪ್ಪಿಟ್ಟಿನ ವೇಷದಲ್ಲಿ ಮಾತ್ರ ಕಾಣಿಸಿಕೊಂಡು, ಬಸಿದ ಶಾವಿಗೆಯನ್ನು ಉಣ್ಣಬೇಕೆಂಬ ಪರಸ್ಥಳದವನು ಯಾರದಾದರೂ ಮನೆಯ ಅತಿಥಿಯಾಗದೆ ಬೇರೆ ದಾರಿಯಿಲ್ಲದಂತಾಗಿರುವುದು.

ಚೈನೀಸ್ ಗಾಡಿಗಳ ವಿಷಯವನ್ನು ಬೇಗನೆ ಹೇಳಿ ಮುಗಿಸಬಹುದು. ಕಲಕತ್ತೆಯ ಟ್ಯಾಂಗ್ರಾದಲ್ಲಿ ನೆಲಸಿದ ಹಕ್ಕಾ ಚೀನೀಯರು ನಮ್ಮ ಮೆಣಸು ಮಸಾಲೆಗಳಿಗೆ ಒಗ್ಗಿಸಿ ರೂಪಿಸಿದ ಅಡುಗೆಯು ದೇಶವನ್ನೆಲ್ಲ ಸುತ್ತಿ ನಮ್ಮ ಬೀದಿಗೂ ಬಂದಿದೆ. ಪ್ರಖರವಾದ ಉರಿಯ ಮೇಲೆ ಕೋಸನ್ನೂ ಗಜ್ಜರಿಯನ್ನೂ ಗರಿಗರಿತನ ಕಳೆಯದಂತೆ ಹುರಿಯಬಲ್ಲ ನಿಪುಣರು ಆ ಗಾಡಿಗಳಲ್ಲಿ ಇದ್ದಾರೆಂಬುದು ನಿಜ. ಆದರೆ ಎಳೆಯು ಕಾರಖಾನೆಯ ಪೊಟ್ಟಣದಿಂದ ಬಂದುದಾಗಿ, ಬೆಳಿಗ್ಗೆಯೇ ಬೇಯಿಸಿಟ್ಟುದಾಗಿ, ನಾಲಗೆಗೆ ಸಾಸಿನ ರುಚಿಯೊಂದೇ ತಿಳಿಯುತ್ತದೆ. ಗೋಬಿ ಮಂಚೂರಿಗೆ ಹಾಕುತ್ತಿದ್ದ ಕೃತಕ ಬಣ್ಣವನ್ನು ಕರ್ನಾಟಕ ಸರಕಾರವು 2024ರ ಮಾರ್ಚಿನಲ್ಲಿ ನಿಷೇಧಿಸಿದುದು ಉಚಿತವಾಗಿಯೇ ಇತ್ತು. ಇನ್ನು, ಕೆ.ಎಲ್.ಇ. ಸಂಸ್ಥೆಯ ಸಹಯೋಗದಲ್ಲಿ ಮಲೇಶಿಯಾದ ವಿಶ್ವವಿದ್ಯಾಲಯವೊಂದು 2010ರಲ್ಲಿ ಬೆಳಗಾವಿಯಲ್ಲಿ ವೈದ್ಯಶಿಕ್ಷಣವನ್ನು ಪ್ರಾರಂಭಿಸಿದಂದಿನಿಂದ ಆ ದೇಶದ ವಿದ್ಯಾರ್ಥಿಗಳು ನಮ್ಮ ಊರಿನಲ್ಲಿ ಓಡಾಡುತ್ತಿರುವರಷ್ಟೆ. ತೆಂಗಿನಹಾಲಿನ ಸಾರಿನಲ್ಲಿ ಅಕ್ಕಿಯ ಎಳೆಗಳನ್ನು ತೇಲಿಸಿ ಉಣ್ಣುವ ಅವರ ಲಕ್ಸಾಕ್ಕೂ ನಮ್ಮ ಘಟ್ಟದ ಕೆಳಗಿನ ಶಾವಿಗೆಗೂ ಇರುವ ಬಾಂಧವ್ಯವನ್ನು ಯಾರಾದರೂ ಉದ್ಯಮಶೀಲರು ಮನಗಂಡು ಒಂದು ಉಪಾಹಾರಗೃಹವನ್ನು ತೆರೆದರೆ, ಅದಕ್ಕೆ ಗಿರಾಕಿಗಳ ಕೊರತೆಯಾಗದೆಂದು ನನ್ನ ನಂಬಿಕೆ.

ಎಳೆ ತೆಗೆದ ಕೈಯೇ ಬಡಿಸುವ ಅಡುಗೆಮನೆಯು ಹಣ ಕೊಟ್ಟು ಉಣ್ಣುವ ಜಾಗದಲ್ಲಿಯೂ ಇದೆಯೇ ಎಂದು ಕೇಳುವವರನ್ನು ನಾನು ಮುಂಡಗೋಡಕ್ಕೆ ಕಳುಹುತ್ತೇನೆ. 1959ರಲ್ಲಿ ದಲಾಯಿ ಲಾಮಾ ಅವರ ಬೆನ್ನಿಗೆ ಟಿಬೆಟಿನಿಂದ ಹಿಮಾಲಯವನ್ನು ದಾಟಿ ಬಂದ ನಿರಾಶ್ರಿತರಿಗೆ ಆಗಿನ ಮೈಸೂರು ರಾಜ್ಯವು ಮೊದಲು ಬೈಲಕುಪ್ಪೆಯಲ್ಲಿಯೂ, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗ 1966ರಲ್ಲಿ ಉತ್ತರ ಕನ್ನಡದ ಮುಂಡಗೋಡಿನಲ್ಲಿಯೂ ನೆಲೆ ಒದಗಿಸಿತು. ಸುಮಾರು 4000 ಎಕರೆ ಕಾಡುಭೂಮಿಯನ್ನು ಹಸನು ಮಾಡಿ, ಗೋವಿನಜೋಳವನ್ನು ಬಿತ್ತಿ, ಆ ಜನರು ಒಂದೊಂದೇ ಕ್ಯಾಂಪನ್ನು ಕಟ್ಟಿಕೊಂಡರು. ಲ್ಹಾಸಾದ ಸಮೀಪದಲ್ಲಿ 1409ರಲ್ಲಿ ಸ್ಥಾಪಿತವಾಗಿದ್ದ ಗಾಂದೆನ್ ಮಠವೂ 1416ರ ಡ್ರೆಪುಂಗ್ ಮಠವೂ ಈಗ ನಮ್ಮ ನಾಡಿನ ತೇಗದ ಕಾಡಿನ ಅಂಚಿನಲ್ಲಿ ಪುನಃ ತಲೆಯೆತ್ತಿ ನಿಂತಿವೆ. ಚಳಿಗಾಲದಲ್ಲಿ ಊರೂರಿಗೆ ಬಂದು ಸ್ವೆಟರ್ ಮಾರುವ ಟಿಬೆಟಿಯನ್ನರನ್ನು ನಾವೆಲ್ಲರೂ ಕಂಡಿದ್ದೇವೆ. ಅವರ ಅಡುಗೆಯನ್ನು ಉಂಡವರು ಮಾತ್ರ ವಿರಳ.

ಮಠಗಳ ಸುತ್ತಲಿನ ಸಣ್ಣ ಸಣ್ಣ ಭೋಜನಗೃಹಗಳಲ್ಲಿ ಥುಕ್ಪಾ ಎಂಬ ಎಳೆಸಾರು ದೊರೆಯುತ್ತದೆ. ಅದರಲ್ಲಿ ನಾನಾ ಬಗೆಗಳಿದ್ದರೂ, ಹೊಸಬನು ಕೇಳಿ ಪಡೆಯಬೇಕಾದುದು ಥೆಂಥುಕ್. ಚೆನ್ನಾಗಿ ನಾದಿ ನೆನೆಯಲು ಬಿಟ್ಟ ಕಣಕವನ್ನು ಉದ್ದನೆಯ ಪಟ್ಟಿಗಳಾಗಿ ಕೊಯ್ದು, ಅಡುಗೆಯಾಕೆಯು ಒಂದು ಪಟ್ಟಿಯನ್ನು ಎಡಗೈಯ ಮೇಲೆ ಇಳಿಬಿಟ್ಟುಕೊಂಡು, ಬಲಗೈಯ ಹೆಬ್ಬೆಟ್ಟು ತೋರುಬೆರಳುಗಳ ನಡುವೆ ಅದನ್ನು ಅಮುಕಿ ತೆಳ್ಳಗೆ ಮಾಡಿ, ಹೆಬ್ಬೆಟ್ಟಿನಷ್ಟು ಅಗಲದ ತುಣುಕುಗಳಾಗಿ ಹರಿಹರಿದು ಕುದಿಯುವ ಸಾರಿನೊಳಕ್ಕೆ ಎಸೆಯುತ್ತಾಳೆ. ಕೈಯ ವೇಗವು ಎಷ್ಟಿರುವುದೆಂದರೆ, ಕೊನೆಯ ತುಣುಕು ಬೀಳುವ ಹೊತ್ತಿಗೆ ಮೊದಲನೆಯದು ಇನ್ನೂ ಬೆಂದು ಮೆತ್ತಗಾಗಿರುವುದಿಲ್ಲ. ಮೂಲಂಗಿ, ಪಾಲಕ, ಉಳ್ಳಾಗಡ್ಡಿ, ಶುಂಠಿ, ಬೆಳ್ಳುಳ್ಳಿಗಳಿಂದಾದ ಆ ಸಾರಿನಲ್ಲಿ ನಮ್ಮ ಮಸಾಲೆಯ ಘಾಟು ಇಲ್ಲ. ಖಾರ ಬೇಕಾದವರು ಬದಿಗಿಟ್ಟ ಮೆಣಸಿನಕಾಯಿಯ ಚಟ್ನಿಯನ್ನು, ಸೆಪೆನ್ ಎಂಬುದನ್ನು, ತಾವೇ ಬೆರೆಸಿಕೊಳ್ಳಬೇಕು. ಮಾಂಸದ ಸಾರೂ ಇದೆ, ಶಾಕಾಹಾರಿಗಳದೂ ಇದೆ. ಮೊದಲ ಗುಟುಕಿಗೆ ಸಪ್ಪೆಯೆನಿಸಿದರೂ ನಾಲ್ಕನೆಯ ಗುಟುಕಿಗೆ ಅದರ ಸೌಮ್ಯತೆಯು ಮನಸ್ಸನ್ನು ಒಲಿಸಿಕೊಳ್ಳುವುದು. ಹೆಸರುಕಾಳಿನ ಸತ್ತ್ವವನ್ನು ಕಾಯಿಸಿ ಹೆಪ್ಪಾಗಿಸಿ, ಹಾಳೆಯಂತಾದುದನ್ನು ಸುತ್ತಿ ಕತ್ತರಿಸಿ, ಮೆಣಸಿನೆಣ್ಣೆ, ಹುಳಿ, ಬೆಳ್ಳುಳ್ಳಿನೀರಿನೊಡನೆ ತಣ್ಣಗೇ ಕೊಡುವ ಲಾಫಿಂಗ್ ಕೂಡ ಅಲ್ಲಿ ಸಿಗುತ್ತದೆ. ಅದು ತರುಣರಿಗೆ ಬಲು ಪ್ರಿಯ. ನನ್ನ ಒಲವು ಥೆಂಥುಕ್ಕಿನ ಕಡೆಗೇ.

ಟಿಬೆಟಿಯನ್ನರ ಹೊಸವರ್ಷವಾದ ಲೋಸರಿಗೆ ಎರಡು ದಿನ ಮೊದಲು, ವರ್ಷದ ಕೊನೆಯ ತಿಂಗಳಿನ 29ನೆಯ ರಾತ್ರಿ, ಮನೆಮನೆಯಲ್ಲಿ ಒಂಬತ್ತು ಪದಾರ್ಥಗಳ ಗುಥುಕ್ ಕುದಿಯುತ್ತದೆ. ಅದರಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ದೊಡ್ಡ ಹಿಟ್ಟಿನ ಉಂಡೆ. ಉಂಡೆಯೊಳಗೆ ಏನು ಅಡಗಿದೆಯೆಂದು ಒಡೆದು ನೋಡುವುದೇ ಸಂಭ್ರಮ. ಉಣ್ಣೆ ಬಂದವನು ಮೃದುಹೃದಯಿ, ಮೆಣಸಿನಕಾಯಿ ಬಂದವಳು ಮಾತುಗಾರ್ತಿ, ಇದ್ದಿಲು ಬಂದವನ ಮನಸ್ಸು ಕಪ್ಪು ಎಂದು ಹೇಳಿ ಎಲ್ಲರೂ ನಗುತ್ತಾರೆ. ತಾಯ್ನೆಲವನ್ನು ಕಳೆದುಕೊಂಡು ಬಂದವರು ಈ ಬಿಸಿಲುನಾಡಿನಲ್ಲಿ ಹಿಮದ ನಾಡಿನ ಈ ಊಟವನ್ನು ಬಿಡದೆ ಉಳಿಸಿಕೊಂಡು, ಮಕ್ಕಳ ಕೈಗೂ ಕಲಿಸಿರುವರು. ಮನೆಯಂಗಳದಲ್ಲಿಯೇ ನೆಲೆಯೂರಿ ಕುಳಿತ ನಾವು ಶಾವಿಗೆಯ ಮಣೆಯನ್ನು ಅಟ್ಟಕ್ಕೇರಿಸಿದ್ದೇವಲ್ಲ ಎಂಬ ವ್ಯಥೆಯು ಅಲ್ಲಿ ಉಂಡೇಳುವಾಗ ನನ್ನನ್ನು ಕಾಡದೆ ಇರಲಿಲ್ಲ.

ಬೆಳಗಾವಿಯಿಂದ ಹುಬ್ಬಳ್ಳಿಯು ಸುಮಾರು 100 ಕಿಲೋಮೀಟರು. ಅಲ್ಲಿಂದ ಮುಂಡಗೋಡಕ್ಕೆ ಇನ್ನು ಐವತ್ತರ ಹತ್ತಿರ, ಬಸ್ಸುಗಳಿವೆ. ಮುಂಡಗೋಡದಿಂದ ಕ್ಯಾಂಪಿಗೆ ಆಟೋ ಸಿಗುತ್ತದೆ. ನಸುಕಿನಲ್ಲಿ ಹೊರಟರೆ ನಡುಹಗಲಿನ ಊಟಕ್ಕೆ ತಲುಪಿ, ಮಠಗಳ ಪ್ರಾರ್ಥನಾಮಂದಿರಗಳನ್ನು ನೋಡಿಕೊಂಡು, ರಾತ್ರಿಗೆ ಮನೆ ಸೇರಬಹುದು. ಭೋಜನಗೃಹದಲ್ಲಿ ಕುಳಿತಾಗ ಪೊಟ್ಟಣದ ಎಳೆ ಬೇಡ, ಕೈಯಿಂದ ಮಾಡಿದ್ದೇ ಬೇಕೆಂದು ಮೊದಲೇ ಹೇಳಿರಿ. ತುಸು ಹೊತ್ತು ಕಾಯಬೇಕಾದೀತು, ಕಾಯಿರಿ. ಶಾವಿಗೆಗಾದರೋ ಅಷ್ಟು ದೂರ ಹೋಗಬೇಕಿಲ್ಲ. ಬೇಸಗೆ ಬರುತ್ತಲೇ ನಿಮ್ಮ ಓಣಿಯಲ್ಲಿ, ಇಲ್ಲವೆ ನೆರೆಯ ಹಳ್ಳಿಯ ಮಹಿಳಾ ಸಂಘದಲ್ಲಿ, ಮಣೆಯ ಮೇಲೆ ಹೊಸೆಯಬಲ್ಲ ಹಿರಿಯಳು ಯಾರಿದ್ದಾಳೆಂದು ವಿಚಾರಿಸಿ, ಜವೆಗೋಧಿಯನ್ನು ನೀವೇ ತಂದುಕೊಟ್ಟು, ಆಕೆಯ ದುಡಿಮೆಗೆ ತಕ್ಕ ಹಣವನ್ನು ಚೌಕಾಸಿ ಮಾಡದೆ ಕೊಟ್ಟು, ವರ್ಷಕ್ಕೆ ಸಾಲುವಷ್ಟು ಶಾವಿಗೆಯನ್ನು ಮಾಡಿಸಿಕೊಳ್ಳಿರಿ. ಸಾಧ್ಯವಾದರೆ ಮನೆಯ ಹುಡುಗಿಯರನ್ನೂ ಹುಡುಗರನ್ನೂ ಆ ದಿನ ಆಕೆಯ ಬಳಿ ಕೆಲಸಕ್ಕೆ ಕೂರಿಸಿರಿ.