ವಿದ್ಯುತ್ ಪೆಟ್ಟಿಗೆ: ಕೊಳ್ಳುವ ಮುನ್ನ ಒಂದು ಲೆಕ್ಕ

ಅಂಗಡಿಯವರು ‘ಪೋರ್ಟಬಲ್ ಪವರ್ ಸ್ಟೇಷನ್’ ಎಂದು ಕರೆಯುವ ಸಾಧನದಲ್ಲಿ ಲಿಥಿಯಂ ಬ್ಯಾಟರಿ ಮತ್ತು ಇನ್ವರ್ಟರ್ ಎರಡೂ ಒಂದೇ ಪೆಟ್ಟಿಗೆಯೊಳಗಿರುತ್ತವೆ. ಗೋಡೆಯ ಪ್ಲಗ್ಗಿನಿಂದಲೋ ಸೌರಫಲಕದಿಂದಲೋ ಚಾರ್ಜ್ ಮಾಡಿಟ್ಟುಕೊಂಡು, ಕರೆಂಟ್ ಹೋದಾಗ ಮನೆಯಲ್ಲಿ, ಇಲ್ಲವೇ ಡೇರೆ ಹಾಕಿದಲ್ಲಿ ಬಳಸಬಹುದು. ಇದನ್ನು ಆರಿಸುವಾಗ ಹೆಚ್ಚಿನವರು ಎಡವುವುದು ವ್ಯಾಟ್ ಮತ್ತು ವ್ಯಾಟ್-ಅವರ್‌ಗಳನ್ನು ಒಂದೇ ಎಂದು ತಿಳಿಯುವುದರಿಂದ.

ನೀರಿನ ತೊಟ್ಟಿಯನ್ನು ನೆನೆಸಿಕೊಳ್ಳಿ. ನಲ್ಲಿ ಎಷ್ಟು ದಪ್ಪವಾಗಿ ಸುರಿಯಬಲ್ಲದು ಎಂಬುದು ವ್ಯಾಟ್. ತೊಟ್ಟಿಯಲ್ಲಿ ಎಷ್ಟು ನೀರಿದೆ ಎಂಬುದು ವ್ಯಾಟ್-ಅವರ್. ನಮ್ಮ ಕರೆಂಟ್ ಬಿಲ್ಲಿನ ಒಂದು ಯೂನಿಟ್ ಎಂದರೆ 1000 ವ್ಯಾಟ್-ಅವರ್. ಅಂದರೆ 500 ವ್ಯಾಟ್-ಅವರ್ ಪೆಟ್ಟಿಗೆಯೊಳಗಿರುವುದು ಅರ್ಧ ಯೂನಿಟ್ ಮಾತ್ರ! ಅದರಲ್ಲೂ ಸ್ವಲ್ಪ ಭಾಗ ಇನ್ವರ್ಟರಿನಲ್ಲೇ ನಷ್ಟವಾಗುವುದರಿಂದ, ನೂರಕ್ಕೆ 85 ಪಾಲು ಕೈಗೆ ಸಿಗುತ್ತದೆಂದು ಹಿಡಿಯುವುದು ಕ್ಷೇಮ.

ಮನೆಯಲ್ಲಿ ಆಮ್ಲಜನಕದ ಯಂತ್ರವನ್ನು ಅವಲಂಬಿಸಿದ ರೋಗಿಯಿದ್ದರೆ ಈ ಲೆಕ್ಕ ಜೀವಕ್ಕೆ ಸಂಬಂಧಿಸಿದ್ದು. 5 ಲೀಟರಿನ ಕಾನ್ಸೆಂಟ್ರೇಟರ್ ಸುಮಾರು 350 ವ್ಯಾಟ್ ಎಳೆಯುತ್ತದೆ ಎನ್ನೋಣ. 1000 ವ್ಯಾಟ್-ಅವರ್ ಪೆಟ್ಟಿಗೆಯಿಂದ 850 ಸಿಕ್ಕರೆ, ಅದು ನಡೆಯುವುದು ಎರಡೂವರೆ ಗಂಟೆಯೊಳಗೆ. ರಾತ್ರಿಯಿಡೀ ಸಾಕಾಗುತ್ತದೆಂದು ನಂಬಿ ಮಲಗುವಂತಿಲ್ಲ. ಸಿಲಿಂಡರ್ ಪಕ್ಕದಲ್ಲಿ ಇರಲೇಬೇಕು. ಅದೇ ಪೆಟ್ಟಿಗೆ 9 ವ್ಯಾಟಿನ ಎರಡು ಎಲ್‌ಇಡಿ ಬಲ್ಬು, 30 ವ್ಯಾಟಿನ ಒಂದು ಫ್ಯಾನನ್ನು 17 ಗಂಟೆ ನಡೆಸೀತು.

ಫ್ರಿಜ್ಜಿನ ವಿಷಯ ಬೇರೆ. ಅದರ ಮೋಟಾರು ಚಾಲೂ ಆಗುವ ಕ್ಷಣದಲ್ಲಿ ಹಲವು ಪಟ್ಟು ಹೆಚ್ಚು ವಿದ್ಯುತ್ತು ಬೇಡುತ್ತದೆ. ಆದ್ದರಿಂದ ಪೆಟ್ಟಿಗೆಯ ‘ಸರ್ಜ್’ ಸಾಮರ್ಥ್ಯವನ್ನು ಕೇಳಿ. ‘ಪ್ಯೂರ್ ಸೈನ್ ವೇವ್’ ಎಂದಿದೆಯೇ ನೋಡಿ. ಗೀಸರಿನ ಆಸೆ ಬಿಡಿ.

ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್ ಆಗಿದ್ದರೆ ತೂಕ ತುಸು ಹೆಚ್ಚು. ಆದರೆ ಬಾಳಿಕೆ ಬಹಳ, ಬೆಂಕಿಯ ಭಯವೂ ಕಡಿಮೆ.

ಅಮೆರಿಕದಲ್ಲಿರುವ ಮಗ ತಂದುಕೊಡುತ್ತಾನೆ ಎನ್ನುವವರಿಗೆ ಒಂದು ಮಾತು: ಅಲ್ಲಿನ ಪೆಟ್ಟಿಗೆ ಕೊಡುವುದು 120 ವೋಲ್ಟ್, ನಮ್ಮ ಉಪಕರಣಗಳಿಗೆ ಬೇಕಾದದ್ದು 230. ಅಲ್ಲದೆ 160 ವ್ಯಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರು ಸಾಮಾನಿನೊಡನೆ ವಿಮಾನದಲ್ಲಿ ತರುವಂತಿಲ್ಲ.

ಮನೆಗಷ್ಟೇ ಸಾಕೆನ್ನುವವರಿಗೆ ಮಾಮೂಲಿ ಇನ್ವರ್ಟರೇ ಲೇಸೆಂದು ನನ್ನ ಅಭಿಪ್ರಾಯ. 12 ವೋಲ್ಟ್, 150 ಆಂಪಿಯರ್-ಅವರ್‌ನ ಟ್ಯೂಬುಲರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಅವರ್ ಇರುತ್ತದೆ, ಬೆಲೆಯೂ ಕಡಿಮೆ. ಆದರೆ ಅದನ್ನು ಹೊತ್ತು ಡೇರೆಗೆ ಹೋಗಲಾಗದು. ಡೇರೆಯ ದೀಪಕ್ಕೂ ಫೋನಿಗೂ 300 ವ್ಯಾಟ್-ಅವರ್‌ನ ಪುಟ್ಟ ಪೆಟ್ಟಿಗೆ ಧಾರಾಳ. ತಂದ ಮೇಲೆ ಅಟ್ಟದಲ್ಲಿ ಮರೆತುಬಿಡದೆ ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡುತ್ತಿರಿ.