ಚಿಕ್ಕಮಗಳೂರಿನ ಜಯಮ್ಮ, ಗುಬ್ಬಿಯ ಜಯಮ್ಮ

ಕಲಾವಿದರ ಹೆಸರಿನ ಜೊತೆ ಊರಿನ ಹೆಸರು ಸೇರಿಕೊಳ್ಳುವುದು ನಮ್ಮಲ್ಲಿ ಹಳೆಯ ರೂಢಿ. ಸಾಮಾನ್ಯವಾಗಿ ಅದು ಅವರು ಹುಟ್ಟಿದ ಊರೋ, ಬೆಳೆದ ಊರೋ ಆಗಿರುತ್ತದೆ. ಗುಬ್ಬಿ ಜಯಮ್ಮ ಎಂದೇ ಹೆಸರಾದ ಬಿ. ಜಯಮ್ಮನವರ ವಿಷಯದಲ್ಲಿ ಮಾತ್ರ ಹಾಗಲ್ಲ. ಅವರು ಹುಟ್ಟಿದ್ದು 1915ರಲ್ಲಿ, ಚಿಕ್ಕಮಗಳೂರಿನಲ್ಲಿ. ಗುಬ್ಬಿ ಎಂಬುದು ಅವರ ಊರಲ್ಲ, ಅವರ ನಾಟಕ ಕಂಪನಿ. ನಟಿಯೊಬ್ಬಳಿಗೆ ಹುಟ್ಟಿದೂರಿಗಿಂತ ಕಂಪನಿಯೇ ದೊಡ್ಡ ವಿಳಾಸವಾಗಿದ್ದ ಕಾಲವೊಂದು ಆ ಹೆಸರಿನಲ್ಲಿ ಅಡಗಿ ಕುಳಿತಿದೆ.

ಜಯಮ್ಮ ಹುಟ್ಟಿದಾಗ ಚಿಕ್ಕಮಗಳೂರು ಕಡೂರು ಜಿಲ್ಲೆಯ ಮುಖ್ಯ ಪಟ್ಟಣ. ಜಿಲ್ಲೆಗೆ ಚಿಕ್ಕಮಗಳೂರು ಎಂಬ ಹೆಸರು ಬಂದದ್ದು 1947ರಲ್ಲಿ. ಬಾಬಾಬುಡನ್‌ಗಿರಿಯ ತಪ್ಪಲಿನ ಈ ಪಟ್ಟಣಕ್ಕೆ ಕಾಫಿಯಿಂದ ಹಣ ಬರುತ್ತಿತ್ತು, ಆದರೆ ರೈಲು ಬರುತ್ತಿರಲಿಲ್ಲ. ರೈಲು ಹಿಡಿಯಬೇಕಾದರೆ ಕಡೂರಿಗೆ ಇಳಿಯಬೇಕು. ಚಿಕ್ಕಮಗಳೂರಿಗೇ ರೈಲು ಬಂದದ್ದು 2013ರಲ್ಲಿ. ಕಂಪನಿ ನಾಟಕದ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ಪರದೆ, ಸೀನರಿ, ಉಡುಪಿನ ಪೆಟ್ಟಿಗೆ, ಅಡುಗೆ ಪಾತ್ರೆಗಳ ಜೊತೆಗೆ ಹತ್ತಾರು ಸಂಸಾರಗಳನ್ನು ಕಟ್ಟಿಕೊಂಡು ಊರಿಂದೂರಿಗೆ ಸಾಗುವ ದೊಡ್ಡ ಕಂಪನಿಗಳಿಗೆ ರೈಲುದಾರಿಯೇ ಜೀವನಾಡಿ. ಮಲೆನಾಡಿನ ಮಳೆಯಲ್ಲಿ ತಾತ್ಕಾಲಿಕ ನಾಟಕ ಮಂದಿರ ನಿಲ್ಲಿಸುವುದೂ ಸುಲಭದ ಮಾತಲ್ಲ. ಹೀಗಾಗಿ ನಾಟಕವನ್ನೇ ಬದುಕು ಮಾಡಿಕೊಳ್ಳುವವರು ಬೆಟ್ಟ ಇಳಿದು ಬಯಲುಸೀಮೆಯ ದಾರಿ ಹಿಡಿಯಬೇಕಿತ್ತು.

ಹಾಗೆಂದು ಈ ಮಲೆನಾಡಿಗೆ ರಂಗಕಲೆ ಹೊಸದಲ್ಲ. ಮೂಡಿಗೆರೆ, ಕಳಸದ ಕಡೆಯ ಹಳ್ಳಿಗಳಿಗೆ ಯಕ್ಷಗಾನ ಬಯಲಾಟ ಚಿರಪರಿಚಿತ. ಆದರೆ ಅಲ್ಲಿ ದ್ರೌಪದಿಯಾಗಲಿ, ದಮಯಂತಿಯಾಗಲಿ, ಸ್ತ್ರೀವೇಷ ಕಟ್ಟುತ್ತಿದ್ದವರು ಗಂಡಸರು. ಕಂಪನಿ ನಾಟಕಗಳಲ್ಲೂ ಮೊದಮೊದಲು ಅದೇ ಪದ್ಧತಿ. ನೆರೆಯ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರು ಸ್ತ್ರೀಪಾತ್ರಗಳಿಂದಲೇ ಮನೆಮಾತಾದರು. 1913ರಲ್ಲಿ ಫಾಲ್ಕೆಯವರು ‘ರಾಜಾ ಹರಿಶ್ಚಂದ್ರ’ ಚಿತ್ರ ತೆಗೆದಾಗ ತಾರಾಮತಿಯ ಪಾತ್ರ ವಹಿಸಿದವರು ಸಾಳುಂಕೆ ಎಂಬ ಯುವಕ. ಇದು ನಮ್ಮ ನಾಡಿಗೆ ಮಾತ್ರ ಅಂಟಿದ ಸಂಕೋಚವೂ ಅಲ್ಲ. ಷೇಕ್ಸ್‌ಪಿಯರನ ಜೂಲಿಯೆಟ್ ಪಾತ್ರವನ್ನು ಅವನ ಕಾಲದಲ್ಲಿ ಆಡಿದವರು ಹುಡುಗರು. ಇಂಗ್ಲೆಂಡಿನ ಸಾರ್ವಜನಿಕ ರಂಗಭೂಮಿಯಲ್ಲಿ ಹೆಂಗಸರು ವೃತ್ತಿನಟಿಯರಾಗಿ ಕಾಲಿಟ್ಟದ್ದು 1660ರ ಸುಮಾರಿಗೆ.

ಹೆಣ್ಣಿನ ಪಾತ್ರ ಹೆಣ್ಣಿನ ಕೈಗೇ ಬಂದ ಕಾಲದಲ್ಲಿ ಜಯಮ್ಮ ಬೆಳೆದರು. 1884ರಲ್ಲಿ ಹುಟ್ಟಿದ ಗುಬ್ಬಿಯ ಚನ್ನಬಸವೇಶ್ವರ ನಾಟಕ ಕಂಪನಿಗೆ ಬಾಲನಟನಾಗಿ ಸೇರಿ, ಮುಂದೆ ಅದರ ಒಡೆಯರೇ ಆದ ಗುಬ್ಬಿ ವೀರಣ್ಣನವರು ಸ್ತ್ರೀಪಾತ್ರಗಳನ್ನು ಸ್ತ್ರೀಯರಿಂದಲೇ ಮಾಡಿಸಲು ಧೈರ್ಯ ಮಾಡಿದವರಲ್ಲಿ ಪ್ರಮುಖರು. ಆ ಧೈರ್ಯ ಮಾಲೀಕರಿಗಿಂತ ಹೆಚ್ಚಾಗಿ ಬೇಕಿದ್ದದ್ದು ನಟಿಯರಿಗೆ. ಟಿಕೀಟು ಕೊಂಡು ಬಂದ ಜನ ಆಟ ಮುಗಿಯುವ ತನಕ ಮೆಚ್ಚಿ ಚಪ್ಪಾಳೆ ತಟ್ಟುತ್ತಿದ್ದರು. ಮನೆಗೆ ಹೋದ ಮೇಲೆ ‘ನಾಟಕದವಳು’ ಎಂದು ಹಗುರವಾಗಿ ಆಡಿಕೊಳ್ಳುತ್ತಿದ್ದರು. ಎಳೆಯ ವಯಸ್ಸಿನಲ್ಲೇ ರಂಗಕ್ಕೆ ಬಂದ ಜಯಮ್ಮ ಈ ಎರಡೂ ಮಾತುಗಳ ನಡುವೆ ಬಾಳಿದ ತಲೆಮಾರಿನವರು. ಮುಂದೆ ಅವರು ವೀರಣ್ಣನವರನ್ನೇ ವಿವಾಹವಾದರು. ಕಂಪನಿಯೇ ಮನೆಯಾಯಿತು, ಮನೆಯೇ ಕಂಪನಿಯಾಯಿತು.

ಅಂದಿನ ನಟಿಗೆ ಬೇಕಿದ್ದ ಮೊದಲ ಬಂಡವಾಳ ಕಂಠ. ಧ್ವನಿವರ್ಧಕ ಬರುವ ಮುಂಚಿನ ಕಾಲದಲ್ಲಿ ಕೊನೆಯ ಸಾಲಿನ ನೆಲದ ಮೇಲೆ ಕೂತವನಿಗೂ ಮಾತು ಸ್ಪಷ್ಟವಾಗಿ ಕೇಳಬೇಕು, ಹಾಡು ಮುಟ್ಟಬೇಕು. ಹಾರ್ಮೋನಿಯಂನ ಶ್ರುತಿಗೆ ಕಂದ, ವೃತ್ತ, ಕೀರ್ತನೆಗಳನ್ನು ಎತ್ತಿದ ಸ್ಥಾಯಿಯಲ್ಲಿ ಹಾಡಬೇಕು. ಜನ ‘ಒನ್ಸ್ ಮೋರ್’ ಎಂದರೆ ದುಃಖದ ಸನ್ನಿವೇಶವಾದರೂ ನಿಲ್ಲಿಸಿ ಮತ್ತೆ ಹಾಡಬೇಕು. ಜಯಮ್ಮ ಹೆಸರು ಗಳಿಸಿದ್ದು ಹಾಡುವ ನಟಿಯಾಗಿಯೇ.

ಆದರೆ ಅವರ ಬಾಳಿನಲ್ಲಿ ಒಂದು ವಿಚಿತ್ರ ನಡೆಯಿತು. ಆ ಕಂಠ ಸಿನಿಮಾಗೆ ಬಂದದ್ದು ಮೂಕವಾಗಿ. ವೀರಣ್ಣನವರು ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಹೆಸರಿನಲ್ಲಿ ಮೂಕಿ ಚಿತ್ರಗಳ ತಯಾರಿಕೆಗೆ ಕೈಹಾಕಿದಾಗ, 1931ರ ‘ಹಿಸ್ ಲವ್ ಅಫೇರ್’ ಚಿತ್ರದಲ್ಲಿ ವೀರಣ್ಣನವರೊಂದಿಗೆ ಜಯಮ್ಮ ನಟಿಸಿದರು. ಬೆಲ್ಜಿಯಂ ದೇಶದ ರಫೇಲ್ ಅಲ್ಗೊಯೆ ಅದರ ನಿರ್ದೇಶಕರು. ಜಯಮ್ಮನವರಿಗೆ ಆಗಿನ್ನೂ ಹದಿನೈದು ಹದಿನಾರರ ಪ್ರಾಯ. ಮರುವರ್ಷ ವೈ.ವಿ. ರಾವ್ ನಿರ್ದೇಶನದ ‘ಹರಿಮಾಯಾ’ ಬಂತು. ಕೊನೆಯ ಸಾಲಿಗೆ ಕೇಳುವಂತೆ ದನಿ ಎತ್ತುವುದನ್ನು ಕಲಿತವರು ಇಲ್ಲಿ ದನಿಯನ್ನು ಪೂರ್ತಿ ಬಿಟ್ಟು, ಮೊಳ ದೂರದ ಕ್ಯಾಮೆರಾದ ಮುಂದೆ ಕಣ್ಣು ಹುಬ್ಬುಗಳಲ್ಲೇ ಕಥೆ ಹೇಳಬೇಕಾಯಿತು.

1934ರಲ್ಲಿ ‘ಸತಿ ಸುಲೋಚನಾ’ದಿಂದ ಕನ್ನಡ ಚಿತ್ರಕ್ಕೆ ಮಾತು ಬಂತು. ಆರಂಭದ ವಾಕ್ಚಿತ್ರಗಳಲ್ಲಿ ಹಿನ್ನೆಲೆ ಗಾಯನದ ಸೌಲಭ್ಯವಿರಲಿಲ್ಲ. ನಟಿಸುವವರೇ ಕ್ಯಾಮೆರಾದ ಮುಂದೆ ಹಾಡಬೇಕಿತ್ತು. ನಿರ್ಮಾಪಕರು ಕಂಪನಿ ನಾಟಕದ ಕಲಾವಿದರನ್ನು ಹುಡುಕಿಕೊಂಡು ಹೋದದ್ದಕ್ಕೆ ಇದೇ ಮುಖ್ಯ ಕಾರಣ. ಹಾಡಬಲ್ಲ ಮುಖ ಬೇರೆಲ್ಲೂ ಸಿಗುತ್ತಿರಲಿಲ್ಲ. ಜಯಮ್ಮನವರ ಕಂಠಕ್ಕೆ ಆಗ ಬೆಲೆ ಬಂತು. 1941ರಲ್ಲಿ ಪಿ. ಪುಲ್ಲಯ್ಯ ನಿರ್ದೇಶಿಸಿದ ‘ಸುಭದ್ರಾ’ ಚಿತ್ರದಲ್ಲಿ ಹೊನ್ನಪ್ಪ ಭಾಗವತರೊಂದಿಗೆ ನಟಿಸಿದರು. 1942ರ ‘ಜೀವನ ನಾಟಕ’ದಲ್ಲಿ ಶಾಂತಾ ಹುಬ್ಳೀಕರ್, ಕೆಂಪರಾಜ ಅರಸ್ ಅವರ ಜೊತೆಗಿದ್ದರು. ಆ ಚಿತ್ರದ ಕಥೆ ಅ.ನ. ಕೃಷ್ಣರಾಯರದು. ಬಳಿಕ ‘ಹೇಮರೆಡ್ಡಿ ಮಲ್ಲಮ್ಮ’, 1953ರಲ್ಲಿ ‘ಗುಣಸಾಗರಿ’ ಬಂದವು.

ಕನ್ನಡದ ಗಡಿಯಾಚೆಗೂ ಅವರಿಗೆ ಕರೆ ಬಂತು. 1945ರ ತೆಲುಗು ಚಿತ್ರ ‘ಸ್ವರ್ಗಸೀಮ’ದಲ್ಲಿ ಬಿ.ಎನ್. ರೆಡ್ಡಿಯವರು ಅವರಿಗೆ ಕೊಟ್ಟದ್ದು ಕಲ್ಯಾಣಿ ಎಂಬ ಗೃಹಿಣಿಯ ಪಾತ್ರ. ಚಿತ್ತೂರು ನಾಗಯ್ಯನವರು ವಹಿಸಿದ ಗಂಡನ ಪಾತ್ರ ನಾಟಕದ ನಟಿಯೊಬ್ಬಳಿಗೆ ಮನಸೋತು ಸಂಸಾರ ಬಿಡುತ್ತದೆ. ಆ ನಟಿಯ ಪಾತ್ರ ಭಾನುಮತಿಯವರದು. ನಾಟಕದ ಹೆಣ್ಣು ಮನೆ ಮುರಿಯುವವಳು ಎಂಬ ಸಮಾಜದ ಅಂಜಿಕೆಯನ್ನೇ ಕಥೆ ಮಾಡಿಕೊಂಡ ಚಿತ್ರದಲ್ಲಿ, ಮನೆಯನ್ನು ಉಳಿಸಿಕೊಳ್ಳುವ ಸಾಧ್ವಿಯಾಗಿ ಪ್ರೇಕ್ಷಕರ ಮನಸ್ಸು ಗೆದ್ದವರು ನಿಜಜೀವನದಲ್ಲಿ ನಾಟಕದವರೇ ಆದ ಜಯಮ್ಮ! ‘ನಾಟಕದವಳು’ ಎಂಬ ಹಗುರ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. ಮರುವರ್ಷ ನಾಗಯ್ಯನವರ ‘ತ್ಯಾಗಯ್ಯ’ ಚಿತ್ರದಲ್ಲೂ ಅವರು ಅಭಿನಯಿಸಿದರು.

ಇದೇ ‘ಸ್ವರ್ಗಸೀಮ’ ಘಂಟಸಾಲ ಅವರ ಹಿನ್ನೆಲೆ ಗಾಯನದ ಆರಂಭದ ಚಿತ್ರಗಳಲ್ಲೊಂದು ಎಂಬುದನ್ನೂ ಗಮನಿಸಬೇಕು. ಹಾಡುವವರು ಒಬ್ಬರು, ಆಡುವವರು ಇನ್ನೊಬ್ಬರು ಎಂಬ ಪದ್ಧತಿ ಬೇರೂರುತ್ತಿದ್ದಂತೆ ಹಾಡುವ ನಟಿಯರ ಅನಿವಾರ್ಯತೆ ಕಡಿಮೆಯಾಯಿತು. ಕಂಪನಿಯಲ್ಲಿ ವರ್ಷಾನುಗಟ್ಟಲೆ ಪಳಗಿದ ಕಂಠವಿಲ್ಲದೆಯೂ ನಾಯಕಿಯಾಗಬಹುದು ಎಂದಾಯಿತು. ಸಿನಿಮಾದ ಪೈಪೋಟಿಯಲ್ಲಿ ಕಂಪನಿಗಳೂ ಸೊರಗಿದವು. ಆದರೆ ಗುಬ್ಬಿ ಕಂಪನಿ ಅಷ್ಟರಲ್ಲಿ ತನ್ನ ಕೆಲಸ ಮಾಡಿ ಮುಗಿಸಿತ್ತು. 1954ರ ‘ಬೇಡರ ಕಣ್ಣಪ್ಪ’ದಿಂದ ನಾಯಕನಟರಾದ ರಾಜಕುಮಾರ್, ಅವರೊಂದಿಗೆ ಬೆಳೆದ ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್, ಮುಂದೆ ರಂಗಭೂಮಿಗೆ ಹೊಸ ದಿಕ್ಕು ತೋರಿದ ಬಿ.ವಿ. ಕಾರಂತ ಎಲ್ಲರೂ ಆ ಕಂಪನಿಯ ಅನ್ನ ಉಂಡವರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ 2010ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು, 2013ರಲ್ಲಿ ಪದ್ಮಶ್ರೀ ಪಡೆದರು. ಹೆಣ್ಣುಮಕ್ಕಳು ರಂಗಕ್ಕೆ ಬರಲು ಅಳುಕುತ್ತಿದ್ದ ಕಾಲದಿಂದ ಸಂಸತ್ತಿನ ಗೌರವದವರೆಗಿನ ದಾರಿ ಒಂದೇ ಮನೆತನದ ಅಂಗಳದಲ್ಲಿ ಹಾದುಹೋಗಿದೆ.

ವೀರಣ್ಣನವರು 1972ರಲ್ಲೂ, ಜಯಮ್ಮನವರು 1988ರಲ್ಲೂ ತೀರಿಕೊಂಡರು. ರಂಗದ ಮೇಲಿನ ಅಭಿನಯ ಅಂದಂದಿಗೇ ಮುಗಿಯುವಂಥದು. ಸಿನಿಮಾವಾದರೂ ಉಳಿಯುತ್ತದೆ ಎಂಬುದು ನಂಬಿಕೆ. ಆದರೆ ದಕ್ಷಿಣದ ಆರಂಭಕಾಲದ ಚಿತ್ರಗಳಲ್ಲಿ ಬಹುಪಾಲು ನಾಶವಾಗಿವೆ, ‘ಸತಿ ಸುಲೋಚನಾ’ದ ಪ್ರತಿಯೂ ಉಳಿದಿಲ್ಲ. ಜಯಮ್ಮನವರನ್ನು ಕಾಣಬೇಕೆನ್ನುವ ಇಂದಿನ ಕನ್ನಡಿಗರಿಗೆ ‘ಸ್ವರ್ಗಸೀಮ’ ಈಗಲೂ ನೋಡಲು ಸಿಗುತ್ತದೆ. ಅದರ ಕಲ್ಯಾಣಿ ಆಡುವ ಭಾಷೆ ತೆಲುಗು, ಪಳಗಿದ ಶಾಲೆ ಗುಬ್ಬಿ, ಹುಟ್ಟಿದ ನೆಲ ಕಾಫಿಯ ಚಿಕ್ಕಮಗಳೂರು.