ನಿಮಗಿದು ಗೊತ್ತೆ? ಮೂರು ಸಾಲಿನ ಪದ್ಯಕ್ಕೆ ನಾಲ್ಕನೆಯ ಸಾಲು!

ಬರೆಹದಲ್ಲಿ ಮೂರೇ ಸಾಲುಳ್ಳ ತ್ರಿಪದಿಯು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಗರತಿಯರ ಕಂಠದಲ್ಲಿ ನಾಲ್ಕು ಸಾಲಾಗುತ್ತಿದ್ದಿತು. ಹೆಚ್ಚಿನ ಆ ಸಾಲು ಹೊಸದಲ್ಲ. ಎರಡನೆಯ ಸಾಲಿನ ಒಂದು ಭಾಗದ ಪುನರುಕ್ತಿ ಮಾತ್ರ. 4, 4, 3ರಂತೆ ಒಟ್ಟು 11 ಗಣಗಳ ಈ ಪುಟ್ಟ ಛಂದಸ್ಸಿನಲ್ಲಿ, ಪದ್ಯದ ಭಾವವನ್ನೆಲ್ಲ ಮುಗಿಸಿಕೊಡಬೇಕಾದ ಮೂರನೆಯ ಸಾಲೇ ಎಲ್ಲಕ್ಕಿಂತ ಗಿಡ್ಡದಾದ್ದರಿಂದ, ಅದಕ್ಕೆ ತಕ್ಕ ಮಾತು ಒದಗುವವರೆಗೆ ಈ ಆವೃತ್ತಿಯು ಹಾಡುವವಳಿಗೆ ಉಸಿರನ್ನೂ ಆಲೋಚನೆಗೆ ಅವಕಾಶವನ್ನೂ ಏಕಕಾಲದಲ್ಲಿ ಕೊಡುತ್ತಿದ್ದಿತೆಂದು ಭಾವಿಸುವುದು ಅಸಂಗತವಾಗಲಾರದು.

ಬೆಳಗಿನ ಜಾವದಲ್ಲಿ ಬೀಸುಕಲ್ಲಿನ ಮುಂದೆ ಎದುರುಬದುರಾಗಿ ಕುಳಿತು, ಒಂದು ಕೈಯಿಂದ ಗೂಟವನ್ನು ತಿರುಗಿಸುತ್ತ ಇನ್ನೊಂದರಿಂದ ಕಲ್ಲಿನ ಬಾಯಿಗೆ ಹಿಡಿಹಿಡಿಯಾಗಿ ಜೋಳವನ್ನು ಸುರಿಯುತ್ತ ಹಾಡುತ್ತಿದ್ದ ಇಬ್ಬರಲ್ಲಿ ಒಬ್ಬಳು ತಡವರಿಸಿದರೆ ಮತ್ತೊಬ್ಬಳು ಹಾಡನ್ನು ಎತ್ತಿಕೊಳ್ಳುತ್ತಿದ್ದಳು. ಕಲ್ಲು ಮಾತ್ರ ನಿಲ್ಲುತ್ತಿರಲಿಲ್ಲ. ಬರಿಯ ಕಾಗದವನ್ನು ಮುಂದೆ ಹರವಿಕೊಂಡು, ಲೇಖನಿ ಸ್ತಬ್ಧವಾಯಿತೆಂದು ಸ್ಫೂರ್ತಿಯ ಹಾದಿ ಕಾಯುವ ಲೇಖಕವರ್ಗಕ್ಕೆ (ಇದನ್ನು ಬರೆಯುತ್ತಿರುವವನೂ ಅದರಲ್ಲಿ ಸೇರಿದವನೇ) ಅಂತಹ ಜೊತೆಗಾತಿಯೂ ಇಲ್ಲ, ಕೈಗೆ ಅಂತಹ ಕೆಲಸವೂ ಇಲ್ಲ.

ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಇಂತಹ ಹಾಡುಗಳನ್ನು ಹಾಡುವವರಿಂದಲೇ ಕೇಳಿ ಬರೆದುಕೊಂಡರು. 1931ರಲ್ಲಿ ಅವು ‘ಗರತಿಯ ಹಾಡು’ ಎಂಬ ಹೆಸರಿನಿಂದ ಪ್ರಕಟವಾದವು. ಆ ತ್ರಿಪದಿಗಳನ್ನು ಕಟ್ಟಿದವರ ಹೆಸರು ಮಾತ್ರ ಯಾರಿಗೂ ತಿಳಿಯದು.